ಲಗಮಪ್ಪ ಎರಡು ಸಲ ಕೊಯ್ದ ಮೋಟಾರು

ರಬಕವಿಯಲ್ಲಿ ನನ್ನ ಹೊಲಿಗೆ ಅಂಗಡಿಗೂ ಲಗಮಪ್ಪನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಸಂಜೆಯಾದರೆ ಸಾಕು, ಆ ಗೋಡೆಯ ಆಚೆಯಿಂದ ಟಕ್ ಟಕ್ ಎಂದು ತಗಡು ಬಡಿಯುವ ಸದ್ದು ಶುರುವಾಗುತ್ತಿತ್ತು. ದೊಡ್ಡ ಸದ್ದಾಗಿದ್ದರೆ ಬೈದು ನಿಲ್ಲಿಸಬಹುದಿತ್ತು. ಇದು ಬೈಯಲೂ ಬಾರದಷ್ಟು ಸಣ್ಣದು, ಕೇಳದೇ ಇರಲೂ ಆಗದಷ್ಟು ಹತ್ತಿರದ್ದು. ಎಷ್ಟೋ ಗಿರಾಕಿಗಳ ಅಳತೆಯನ್ನು ನಾನು ಆ ಸದ್ದಿನಲ್ಲಿ ತಪ್ಪಿ ಬರೆದುಕೊಂಡಿದ್ದೇನೆ. ಅವರ ಅಂಗಿ ಬಿಗಿಯಾದದ್ದಕ್ಕೆ ಕಾರಣ ಲಗಮಪ್ಪ ಎಂದರೆ ಯಾರೂ ನಂಬುತ್ತಿರಲಿಲ್ಲ.

ಲಗಮಪ್ಪನದು ಜಮಖಂಡಿ ಬಸ್ ಡಿಪೋದಲ್ಲಿ ಪತ್ರಾ ಕೆಲಸ. ಎಲ್ಲೋ ಗುದ್ದಿಸಿಕೊಂಡು ಬಂದ ಬಸ್ಸಿನ ತಗಡನ್ನು ಬಡಿದು ನೆಟ್ಟಗೆ ಮಾಡುವುದು, ತುಕ್ಕು ಹಿಡಿದದ್ದನ್ನು ಕತ್ತರಿಸಿ ತೆಗೆದು ಹೊಸದನ್ನು ಕೂಡಿಸುವುದು. ದಿನವಿಡೀ ದೊಡ್ಡ ಗಾಡಿಗಳನ್ನು ಬಡಿದು ಮನೆಗೆ ಬಂದವನು, ಒಂದು ಕಪ್ ಚಹಾ ಕುಡಿದು, ಕಟ್ಟೆಯ ಮೇಲೆ ಕೂತು ಸಣ್ಣ ಗಾಡಿಗಳನ್ನು ಬಡಿಯುತ್ತಿದ್ದ. ನಿಜವಾದ ಗಾಡಿಯ ಒಂದು ಫೂಟು ಅವನ ಗಾಡಿಯಲ್ಲಿ ಒಂದು ಇಂಚು. ಡಾಲ್ಡಾ ಡಬ್ಬಿಯ ತಗಡು, ಹಳೆಯ ಹವಾಯಿ ಚಪ್ಪಲಿಯಿಂದ ಕೊರೆದ ಟೈರು, ಬ್ಯಾಟರಿಯ ಬಲ್ಬಿನ ದೀಪ. ಬಾನೆಟ್ಟಿನ ಉಬ್ಬು ಬರಲೆಂದು ಬನಹಟ್ಟಿಯ ಮಗ್ಗದವರು ಎಸೆದ ಮುರುಕು ಲಾಳಿಗಳ ಗಟ್ಟಿ ಕಟ್ಟಿಗೆಯನ್ನು ಕೆತ್ತಿ, ಅದರ ಮೇಲೆ ತಗಡು ಹಾಸಿ ಬಡಿಯುತ್ತಿದ್ದ. ಅವನ ಹೆಂಡತಿ ತಾರವ್ವ ನನ್ನ ಅಂಗಡಿಗೆ ಬಂದು ದೂರು ಹೇಳುವಳು: “ಮನ್ಯಾಗ ಹಿಟ್ಟ ಇಡಾಕ ಒಂದು ಡಬ್ಬಿ ಉಳಿಸಿಲ್ಲ ನೋಡ್ರಿ ಅಣ್ಣಾರ. ನಾಳೆ ನಾ ಉಣ್ಣೂ ತಾಟಿಗೂ ಗಾಲಿ ಹಚ್ಚತಾರ.”

ಊರವರು ಅವಕ್ಕೆ ಆಟಿಕೆ ಎನ್ನುತ್ತಿದ್ದರು. ಆ ಮಾತಿಗೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಏಕೆಂದರೆ ಆ ಗಾಡಿಗಳ ಸೀಟುಗಳನ್ನು ಹೊಲಿಯುತ್ತಿದ್ದವನು ನಾನು. ಉಳಿದ ರೆಕ್ಸಿನ್ ಚೂರುಗಳನ್ನು ಹಿಡಿದುಕೊಂಡು, ಬೆರಳಿಗಿಂತ ಅಗಲವಿಲ್ಲದ ಸೀಟಿಗೆ ಅಂಚು ಹೊಲಿದು ಕೊಟ್ಟರೆ, ಆ ಪುಣ್ಯಾತ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹೊಲಿಗಿ ದಪ್ಪ ಆತು, ಮಾಲಿಂಗಪ್ಪ” ಎಂದು ತಿರುಗಿ ಕೊಡುತ್ತಿದ್ದ.

“ಲೇ, ಇದರಾಗ ಕೂಡ್ರೂದು ಇರುವಿ. ಇರುವಿ ಬಂದು ನನ್ನ ಹೊಲಿಗಿ ನೋಡತೈತೇನು?”

“ನಾ ನೋಡತೇನಲ್ಲೋ” ಎನ್ನುವನು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ, ಬೈದುಕೊಳ್ಳುತ್ತಲೇ.

ಅವನ ಮನೆಯ ಪಡಸಾಲೆಯ ಗೋಡೆಗೆ ಸಾಲಾಗಿ ಗೂಡುಗಳಿದ್ದವು. ಒಂದೊಂದರಲ್ಲಿ ಒಂದೊಂದು ಗಾಡಿ. ಸಾವಳಗಿಗೆ ಹೋಗುವ ಬಸ್ಸು, ಮುಧೋಳದ ಟ್ಯಾಕ್ಸಿ, ಬೀಳಗಿಯ ಜೀಪು, ಎಲ್ಲವೂ ನಮ್ಮ ರಸ್ತೆಗಳಲ್ಲಿ ದಿನಾ ಓಡಾಡುವ ಗಾಡಿಗಳೇ. ಬರೀ ಮಾಡಿಟ್ಟಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಕೈಚಳಕ ಇದ್ದವರು ಎಲ್ಲ ಊರಲ್ಲೂ ಇರುತ್ತಾರೆ. ಲಗಮಪ್ಪನ ಹುಚ್ಚು ಬೇರೆ ಥರದ್ದು. ದೊಡ್ಡ ಗಾಡಿ ಬದಲಾದರೆ ಅವನ ಸಣ್ಣ ಗಾಡಿಯೂ ಬದಲಾಗಬೇಕು. ಹೆಚ್ಚು ಜನ ಹಿಡಿಯಲಿ ಎಂದು ಬೀಳಗಿಯ ಜೀಪಿನವರು ಅದರ ಹಿಂಭಾಗವನ್ನು ಉದ್ದ ಮಾಡಿಸಿದರು. ಲಗಮಪ್ಪ ತನ್ನ ಜೀಪನ್ನು ನಡುವೆ ಕೊಯ್ದು ಅಷ್ಟೇ ಉದ್ದ ಮಾಡಿದ. ಬನಹಟ್ಟಿಯವರೊಬ್ಬರು ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಕೂಡಿಸುವಾಗ ಬಾನೆಟ್ಟು ಎತ್ತರಿಸಬೇಕಾಯಿತು, ಇವನೂ ಎತ್ತರಿಸಿದ. ಒಂದು ಸಲ ಸಾವಳಗಿ ಬಸ್ಸು ಬೇವಿನ ಮರಕ್ಕೆ ಹಿಂಬದಿಯನ್ನು ಗುದ್ದಿಸಿಕೊಂಡು ಡಿಪೋಕ್ಕೆ ಬಂತು. ಅವನು ಅದನ್ನು ಅಲ್ಲಿ ನೆಟ್ಟಗೆ ಮಾಡಿ, ಮನೆಗೆ ಬಂದು ಸಣ್ಣ ಬಸ್ಸನ್ನು ಕೈಗೆತ್ತಿಕೊಂಡ. ಮೊದಲು ಅದನ್ನು ಅದೇ ಜಾಗದಲ್ಲಿ ಗುದ್ದಿ ತಗ್ಗು ಮಾಡಿದ. ಆಮೇಲೆ ಆ ತಗ್ಗನ್ನು ಬಡಿದು ನೆಟ್ಟಗೆ ಮಾಡಿದ.

“ತಲಿ ಕೆಟ್ಟೈತೇನು? ನೆಟ್ಟಗ ಇದ್ದದ್ದನ್ನ ಯಾಕ ಹಾಳ ಮಾಡಿದಿ?” ಎಂದು ಕೇಳಿದೆ.

“ಅದರ ಮೈಮ್ಯಾಲೆ ಬಡದ ಗುರುತು ಐತಿ. ಇದರ ಮೈಮ್ಯಾಲೂ ಇರಬೇಕಲ್ಲ” ಎಂದ. ಮರುದಿನ ಬಸ್ ನಿಲ್ದಾಣಕ್ಕೆ ಹೋಗಿ ದೊಡ್ಡ ಬಸ್ಸಿನ ಹಿಂದೆ ನಿಂತು ನೋಡಿದೆ. ಬಣ್ಣದ ಕೆಳಗೆ ಸಣ್ಣ ಅಲೆಯಂಥ ಗುರುತು ಹೌದು, ಅಲ್ಲಿಯೇ ಇತ್ತು.

ಒಂದು ದಿನ ನೂಲಿನ ವ್ಯಾಪಾರಿ ಶಂಕರೆಪ್ಪ ಸಾಹುಕಾರರು ಅವನ ಮನೆಗೆ ಬಂದರು. ಎಂಬತ್ತನಾಲ್ಕನೇ ಇಸವಿಯ ಸುಮಾರು ಇರಬೇಕು. ನಾನು ಅಲ್ಲಿಯೇ ಕಟ್ಟೆಯ ಮೇಲಿದ್ದೆ. ಸಾಹುಕಾರರು ಗೂಡುಗಳನ್ನೆಲ್ಲ ನೋಡಿ, ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, “ಲಗಮಪ್ಪ, ನಮ್ಮ ಅಣ್ಣಾರ ಕೆಂಪ ಮೋಟಾರು ನೆನಪೈತೇನು ನಿನಗ?” ಎಂದರು.

ನೆನಪಿಲ್ಲದೇ ಏನು? ಅವರ ಅಣ್ಣ ಅಂದಾನೆಪ್ಪನವರು ಮಿರಜ ಕಡೆಯಿಂದ ತಂದಿದ್ದ ಆ ವಿಲಾಯತಿ ಮೋಟಾರು ಬಂದರೆ ಇಡೀ ಪೇಟೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅಂದಾನೆಪ್ಪನವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮರುವರ್ಷ ಮನೆಯ ಹಿರಿಯರು ಆ ಮೋಟಾರಿನ ಹಿಂಭಾಗವನ್ನು ಕೊಯ್ಸಿ, ನೂಲು ಹೇರುವ ಪಿಕಪ್ ಗಾಡಿ ಮಾಡಿಸಿದರು. ಆಗ ರಬಕವಿಯ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಲಗಮಪ್ಪನೇ ಅದನ್ನು ಕೊಯ್ದವನು. ಹದಿನೇಳು ವರ್ಷ ಓಡಿದ ಮೇಲೆ ಶಂಕರೆಪ್ಪನವರು ಆ ಹಳೆಯ ಪಿಕಪ್ಪನ್ನು ಗುಜರಿಗೆ ಹಾಕಿ ಹೊಸ ಗಾಡಿ ತಂದರು. ಅಂದಾನೆಪ್ಪನವರ ಹೆಂಡತಿ ಹಾಲವ್ವ ಆಗ ಅನಗವಾಡಿಯಲ್ಲಿದ್ದ ತಂಗಿಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ತಿರುಗಿ ಬಂದು, ಗಾಡಿ ನಿಲ್ಲುತ್ತಿದ್ದ ಛಪ್ಪರ ಖಾಲಿ ಇದ್ದದ್ದನ್ನು ನೋಡಿದರು. ಅಂದಿನಿಂದ ಮೈದುನನ ಜೊತೆ ಮಾತು ಬಿಟ್ಟರು.

ಒಂದೇ ಮನೆ, ಒಂದೇ ಒಲೆ. ಆದರೆ ಹಾಲವ್ವ ಹೇಳುವುದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. “ಗ್ವಾಡಿ, ಊಟಕ್ಕ ಎಡಿ ಮಾಡೇತಿ. ಉಣ್ಣಾವರು ಉಣ್ಣಲಿ.” ಊರು ನಗುತ್ತಿತ್ತು. ಶಂಕರೆಪ್ಪನವರಿಗೆ ನಗು ಬರುವ ಮಾತಲ್ಲ ಅದು. ಹಾಲವ್ವ ಆ ಮನೆಗೆ ಸೊಸೆಯಾಗಿ ಬಂದಾಗ ಇವರಿನ್ನೂ ತಾಯಿಯಿಲ್ಲದ ಸಣ್ಣ ಕೂಸು. ತುತ್ತು ಮಾಡಿ ಉಣಿಸಿದವರು ಅವರೇ. ಈಗ ಆಕೆಯ ಕಣ್ಣು ಪೂರ್ತಿ ಹೋಗಿವೆ ಎಂದು ಹೇಳಿ ಸಾಹುಕಾರರು ಮಡಿಲಲ್ಲಿದ್ದ ಟೊಪ್ಪಿಗೆಯನ್ನು ತಿರುಗಿಸಿದರು.

“ಅಣ್ಣಾನ ಗುರುತು ಅಂತ ಅದೊಂದ ಉಳದಿತ್ತು. ಅದನ್ನ ನಾ ಗುಜರಿಗೆ ಹಾಕಿದ್ನಿ. ಅದಕ್ಕ ಅಕಿ ಬಾಯಿ ಕಟ್ಟೇತಿ. ನೀ ಅಣ್ಣಾನ ಮೋಟಾರ ಇದ್ದಂಗ ಸಣ್ಣದೊಂದು ಮಾಡಿ ಅಕಿ ಕೈಯಾಗ ಕೊಡು. ನನ್ನ ಕೂಡ ಒಂದ ಮಾತ ಆಡಿದ್ರ ಸಾಕು. ಬೈದ್ರೂ ಆತು.”

ಲಗಮಪ್ಪ ಮೊದಲು ಒಲ್ಲೆ ಎಂದ. “ಕಣ್ಣ ಮುಂದ ಇದ್ದದ್ದನ್ನ ಮಾಡತೇನ್ರಿ. ಇರದದ್ದು ನನಗ ಬರಂಗಿಲ್ರಿ, ಸಾವ್ಕಾರ್ರ.” ಸಾಹುಕಾರರು ಏಳಲಿಲ್ಲ. ಲಗಮಪ್ಪ ತನ್ನ ಎರಡೂ ಅಂಗೈ ನೋಡಿಕೊಂಡು, “ಅದನ್ನ ಕೊಯ್ದ ಕೈ ಇವು. ಏನರ ನೆನಪ ಇರತೈತಿ, ನೋಡೂಣ್ರಿ” ಎಂದ.

ಮುಂದಿನ ಎರಡು ವರ್ಷ ನಾನು ನೋಡಿದ್ದನ್ನು ಹೇಳಿದರೆ ಅತಿಯಾಯಿತು ಎನ್ನುತ್ತೀರಿ. ಆ ಮೋಟಾರಿನ ಒಂದು ಫೋಟೋ ಇತ್ತು, ಅಂದಾನೆಪ್ಪನವರ ಮದುವೆಯದು. ಅದರಲ್ಲಿ ಜನ ಕಾಣುತ್ತಿದ್ದರು, ಮೋಟಾರಿನ ಮೂಗು ಮಾತ್ರ ಕಾಣುತ್ತಿತ್ತು. ಲಗಮಪ್ಪ ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈಯಾಡಿಸಿ, ಹಿಂಬದಿಯ ಬಾಗು ಎಲ್ಲಿಂದ ಇಳಿಯುತ್ತಿತ್ತು ಎಂದು ಹುಡುಕುತ್ತಿದ್ದ. ಗರಗಸ ಎಲ್ಲಿ ಬಿಗಿದಿತ್ತು, ಎಲ್ಲಿ ಸಲೀಸಾಗಿ ಹೋಗಿತ್ತು ಎಂಬುದರಿಂದ ತಗಡಿನ ಮಡಿಕೆಗಳನ್ನು ನೆನಪು ಮಾಡಿಕೊಂಡ. ಅದೇ ಕೆಂಪು ಬಣ್ಣಕ್ಕಾಗಿ ಮುಧೋಳದ ಪೇಂಟರನ ಹತ್ತಿರ ಎಷ್ಟು ಸಲ ಹೋದನೋ. ಕೊನೆಗೆ ಆ ಪೇಂಟರ ಇವನನ್ನು ದೂರದಿಂದ ಕಂಡರೆ ಅಂಗಡಿಯ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದನಂತೆ. ನನ್ನ ಪಾಡು ಕೇಳಬೇಡಿ. ಹಿಂದಿನ ಸೀಟೊಂದನ್ನೇ ನನ್ನಿಂದ ನಾಲ್ಕು ಸಲ ಬಿಚ್ಚಿಸಿದ.

ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಗಲಗಲಿಗೆ ಹೋದ. ಅಂದಾನೆಪ್ಪನವರ ಕಾಲದಲ್ಲಿ ಆ ಮೋಟಾರಿನ ಕ್ಲೀನರನಾಗಿ, ಆಮೇಲೆ ಪಿಕಪ್ಪಿನ ಡ್ರೈವರನಾಗಿದ್ದ ಸಿದರಾಯ ಅಲ್ಲಿ ಹೊಳೆಯ ದಂಡೆಯ ಹೊಲದಲ್ಲಿದ್ದ. ಒಳಗಿನ ಹಿಡಿಕೆಗಳು ಎಲ್ಲಿದ್ದವು, ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ಎಲ್ಲವನ್ನೂ ಹೇಳಿದ. ಹೊರಡುವಾಗ, “ಅವ್ವಾರಿಗೆ ಆ ಗಾಡಿ ಅಂದ್ರ ಜೀವ ಇತ್ತ್ರಿ. ಗಂಡಸೂರು ಏನರ ಅಂದ್ಕೊಳ್ಳಲಿ, ಮುಂದಿನ ಸೀಟಿನ್ಯಾಗ ನನ್ನ ಬಾಜೂಕ ಕುಂತು ಮುಧೋಳ ಬಜಾರ ತನಕ ಬರತಿದ್ರು” ಎಂದ. ಗಂಡನ ಮೇಲಿನ ಪ್ರೀತಿ ಎಷ್ಟಿತ್ತು ನೋಡು ಎಂದು ನಾವಿಬ್ಬರೂ ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದೆವು.

ಗಾಡಿ ಮುಗಿದ ದಿನ ಲಗಮಪ್ಪ ಅದನ್ನು ಕಟ್ಟೆಯ ಮೇಲೆ ಇಟ್ಟು ದೂರ ಸರಿದು ನಿಂತ. ಸಂಜೆಯ ಬಿಸಿಲು ಅದರ ಕೆಂಪು ಮೈಮೇಲೆ ಜಾರುತ್ತಿತ್ತು. ಬಾಗಿಲು ಹಿಡಿದು ಎಳೆದರೆ ತೆರೆಯುತ್ತಿತ್ತು, ಸ್ಟೀರಿಂಗ್ ತಿರುಗಿಸಿದರೆ ಗಾಲಿ ತಿರುಗುತ್ತಿತ್ತು. ಹದಿನೈದು ಇಂಚಿನ ಆ ತಗಡಿನೊಳಗೆ ಅಂದಾನೆಪ್ಪನವರು ಈಗ ಬಂದು ಕೂತು ಹಾರ್ನು ಹೊಡೆಯುತ್ತಾರೆ ಎನಿಸಿ, ನನ್ನ ಮೈಮೇಲೆ ಮುಳ್ಳು ಎದ್ದವು. ಮನುಷ್ಯನ ಕೈಗೆ ಇಷ್ಟು ಶಕ್ತಿ ಇರುತ್ತದೆಯೇ ಎಂದು ಹೆದರಿಕೆಯೂ ಆಯಿತು. ಡಬ್ಬಿ ಕಳೆದುಕೊಂಡ ತಾರವ್ವ ಕೂಡ ಬಂದು, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿ ಹೋದಳು.

ದಸರೆಯ ಖಂಡೆ ಪೂಜೆಯ ದಿನ ಕೊಡುವುದೆಂದು ಸಾಹುಕಾರರೇ ಗೊತ್ತು ಮಾಡಿದರು. ಅಂದು ನಮ್ಮಲ್ಲಿ ಮಗ್ಗಗಳು ನಿಲ್ಲುತ್ತವೆ. ಅವರವರ ಹತಾರಗಳನ್ನು ತೊಳೆದು, ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ ಮೇಲೆ ಆ ದಿನ ಯಾರೂ ಅವನ್ನು ಎತ್ತಿಕೊಂಡು ಕೆಲಸ ಮಾಡುವುದಿಲ್ಲ. ನನ್ನ ಕತ್ತರಿ ನನ್ನ ಮನೆಯಲ್ಲಿ, ಲಗಮಪ್ಪನ ಪತ್ರಾ ಕತ್ತರಿ ಅವನ ಮನೆಯಲ್ಲಿ ಪೂಜೆಗೆ ಕೂತಿದ್ದವು. ನಾವು ಒಗೆದ ಅಂಗಿ ಹಾಕಿಕೊಂಡು, ಬಿಳಿ ವಸ್ತ್ರದಲ್ಲಿ ಸುತ್ತಿದ ಮೋಟಾರನ್ನು ಹಿಡಿದುಕೊಂಡು ಸಾಹುಕಾರರ ಮನೆಗೆ ಹೋದೆವು.

ಹಾಲವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸಾಹುಕಾರರು ಸ್ವಲ್ಪ ದೂರದಲ್ಲಿ, ಅವರ ಹೆಂಡತಿ ಕಸ್ತೂರೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಲಗಮಪ್ಪ ಮಂಡಿಯೂರಿ ಕೂತು, “ಅವ್ವಾರ, ನಿಮ್ಮ ಕೆಂಪ ಮೋಟಾರು ತಂದೇನ್ರಿ” ಎಂದು ಮಡಿಲಲ್ಲಿ ಇಟ್ಟ.

ಆಕೆಯ ಬೆರಳುಗಳು ಮೊದಲು ದೀಪಗಳನ್ನು ಮುಟ್ಟಿದವು. ಆಮೇಲೆ ಮೂಗು, ಬಾನೆಟ್ಟು, ಎರಡೂ ಕಡೆಯ ಮಡಗಾರ್ಡು. ಮುಖ ಅರಳಿತು. “ಹೌದು. ಇದು ನಮ್ಮದು” ಎಂದರು. ಬೆರಳು ಗಾಜು ದಾಟಿ, ಬಾಗಿಲು ತೆರೆದು, ಒಳಗೆ ಹೋಯಿತು. “ಇಲ್ಲಿ ಸಿದರಾಯ ಕೂಡ್ರತಿದ್ದ. ಇಲ್ಲಿ ನಾನು.” ನಕ್ಕರು. ಆಮೇಲೆ ಕೈ ಹಿಂದಕ್ಕೆ ಸರಿಯಿತು, ಮೇಲಿನ ಛಾವಣಿಗೆ ತಾಗಿ ನಿಂತಿತು. ಮತ್ತೊಮ್ಮೆ ಮುಂದಿನಿಂದ ಹಿಂದಿನವರೆಗೆ ಸವರಿ ನೋಡಿದರು. ನಗು ಇಳಿಯಿತು.

“ಹಿಂದ ಏನಿದು?”

“ಹಿಂದಿನ ಸೀಟ್ರಿ, ಅವ್ವಾರ.”

“ನನ್ನ ಗಾಡಿಗೆ ಹಿಂದಿನ ಸೀಟ ಇರಲಿಲ್ಲ. ಹಿಂದ ನೂಲಿರತಿತ್ತು.”

ಸಾಹುಕಾರರು ತಡೆಯಲಾರದೆ ಅತ್ತಿಗೆಯ ಕಡೆ ಬಾಗಿ, “ವೈನಿ, ಇದು ಅಣ್ಣಾನ ಮೋಟಾರು. ಕೊಯ್ಯೂಕಿಂತ ಮೊದಲ ಹೆಂಗಿತ್ತು ಹಂಗ” ಎಂದರು.

ಹಾಲವ್ವ ಗೋಡೆಯ ಕಡೆಗೆ ತಿರುಗಿದರು. “ಗ್ವಾಡಿ, ಅದನ್ನ ಕೊಯ್ಸಿದಾಕಿ ನಾನು. ಮಾವಾರ ಬಾಯಿಲೆ ಹೇಳ್ಸಿದ್ನಿ. ನಮ್ಮ ಯಜಮಾನರು ಇರೂತನಕ ಅದು ಅವರದಿತ್ತು. ಮದಿವಿ ದಿನ ಒಮ್ಮೆ, ತವರಮನಿಗೆ ಒಮ್ಮೆ, ಪರದೇ ಹಾಕ್ಕೊಂಡು ಹಿಂದಿನ ಸೀಟಿನ್ಯಾಗ ಕುಂತಿದ್ನಿ, ಅಷ್ಟ. ಕೊಯ್ದಮ್ಯಾಲೆ ಅದು ನಂದಾತು. ಅದರಾಗ ನೂಲ ಹೇರಿ, ಸೀರಿ ತುಂಬ್ಕೊಂಡು ಊರೂರು ತಿರಗಿ, ಈ ಮನಿ ನಡಿಸಿದ್ನಿ.”

ನಾವು ಗಂಡಸರೆಲ್ಲ ಸೇರಿ ಎರಡು ವರ್ಷ ಕೂತು ಆ ಹೆಂಗಸಿನ ಮಡಿಲಲ್ಲಿ ಇಟ್ಟದ್ದು ಆಕೆಯ ಗಾಡಿಯೇ ಅಲ್ಲ. ಸಿದರಾಯ ಬಾಯಿಬಿಟ್ಟು ಹೇಳಿದ್ದರೂ ನಮ್ಮ ಕಿವಿಗೆ ಹೋಗಿರಲಿಲ್ಲ. ನನಗೆ ನೆಲ ಬಾಯಿ ತೆರೆದರೆ ಒಳಗೆ ಹೋಗೋಣ ಎನಿಸಿತು. ಲಗಮಪ್ಪನ ಮುಖ ನೋಡಿದೆ. ಅವನು ಆ ಮೋಟಾರಿನ ಛಾವಣಿಯನ್ನೇ ನೋಡುತ್ತಿದ್ದ.

“ಅವ್ವಾರ, ಕೊಯ್ಯಲೇನ್ರಿ?” ಎಂದ.

ಹಾಲವ್ವನ ಕುರುಡು ಕಣ್ಣು ಅವನ ಕಡೆ ತಿರುಗಿದವು. ಛಾವಣಿಯ ಮೇಲೆ ಇನ್ನೊಮ್ಮೆ ಕೈಯಾಡಿಸಿದರು. ಆಮೇಲೆ ಮೆಲ್ಲಗೆ, “ಕೊಯ್ಯಪಾ” ಎಂದರು.

ಅವನು ಎದ್ದು ಮನೆಗೆ ಹೋಗಿ ಪತ್ರಾ ಕತ್ತರಿ ತಂದ. ಅದರ ಮೇಲೆ ಬೆಳಗಿನ ಕುಂಕುಮ ಹಾಗೆಯೇ ಇತ್ತು, ಹಿಡಿಕೆಯಲ್ಲಿ ಚೆಂಡುಹೂ ಸಿಕ್ಕಿಕೊಂಡಿತ್ತು. ಸಾಹುಕಾರರು ಬಂದು ಅವನ ಮಣಿಕಟ್ಟು ಹಿಡಿದರು.

“ಖಂಡೆ ಪೂಜಿ ದಿನ ಹತಾರ ಎತ್ತತಾರೇನು, ಲಗಮಪ್ಪ? ಎರಡ ವರ್ಷದ ದುಡತ. ಬ್ಯಾಡ.”

“ಅವನ ಕೈ ಬಿಡು, ಶಂಕರೆಪ್ಪ.”

ಅಷ್ಟು ವರ್ಷದ ಮೇಲೆ ಹಾಲವ್ವ ಮೈದುನನಿಗೆ ಆಡಿದ ಮಾತು ಅದು. ಗೋಡೆಗೆ ಅಲ್ಲ. ಸಾಹುಕಾರರ ಕೈ ತಾನಾಗಿಯೇ ಜಾರಿತು. ಬಾಗಿಲಲ್ಲಿದ್ದ ಕಸ್ತೂರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಲಗಮಪ್ಪ ಕೊಯ್ದ. ಮುಂದಿನ ಸೀಟಿನ ಹಿಂದಿನಿಂದ ಛಾವಣಿಗೆ ಕತ್ತರಿ ಹಾಕಿದ. ಮುಧೋಳಕ್ಕೆ ತಿರುತಿರುಗಿ ತಂದ ಬಣ್ಣ ಅಂಚಿನಲ್ಲಿ ಚಕ್ಕೆ ಚಕ್ಕೆಯಾಗಿ ಎದ್ದು ಬಿತ್ತು. ಕಣ್ಣು ಮುಚ್ಚಿ ಹುಡುಕಿ ಹುಡುಕಿ ಹಿಡಿದ ಆ ಹಿಂಬದಿಯ ಬಾಗು, ರಬಕವಿ, ಬನಹಟ್ಟಿ, ಜಮಖಂಡಿಯಲ್ಲಿ ಯಾರಿಗೂ ಮಾಡಲಾಗದ್ದು, ನೆಲದ ಮೇಲೆ ತಗಡಿನ ಚೂರಾಗಿ ಬಿತ್ತು. ನಾನು ನಾಲ್ಕು ಸಲ ಹೊಲಿದ ಸೀಟನ್ನು ಕಿತ್ತು ನನ್ನ ಕೈಗೆ ಕೊಟ್ಟ. ಬೈಯದೆ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಅವನ ಮುಖದಲ್ಲಿ ದುಃಖವಿರಲಿಲ್ಲ. ಜೀಪು ಉದ್ದ ಮಾಡುವಾಗ, ಬಸ್ಸಿಗೆ ತಗ್ಗು ಹಾಕುವಾಗ ಹೇಗಿರುತ್ತಿದ್ದನೋ ಹಾಗೆಯೇ ಇದ್ದ. ಹಾಗೆ ಕೊಯ್ಯಬಲ್ಲ ಮನುಷ್ಯನ ಪಕ್ಕದಲ್ಲಿ ಇಷ್ಟು ವರ್ಷ ಒಂದು ಗೋಡೆಯ ಆಚೆ ಬದುಕಿದ್ದೆನಲ್ಲ ಎಂದು ನನಗೆ ದೇವರ ಮುಂದೆ ನಿಂತ ಹಾಗಾಯಿತು.

ತಗಡಿನ ಅಂಚನ್ನು ಒಳಕ್ಕೆ ಮಡಿಸಿ, ಹೆಬ್ಬೆರಳಿನಿಂದ ಸವರಿ, ಚುಚ್ಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಗಾಡಿಯನ್ನು ಮತ್ತೆ ಮಡಿಲಿಗೆ ಇಟ್ಟ. ಹಾಲವ್ವನ ಕೈ ಮುಂದಿನ ಸೀಟು ದಾಟಿ ಹಿಂದಕ್ಕೆ ಬಂತು. ಈ ಸಲ ಏನೂ ತಡೆಯಲಿಲ್ಲ. ತೆರೆದ ಆ ಜಾಗದಲ್ಲಿ ಅಂಗೈಯನ್ನು ಪೂರ್ತಿ ಇಟ್ಟರು.

“ಶಂಕರೆಪ್ಪ.”

“ವೈನಿ.”

“ಗಾಡಿ ಹಳೇದಾಗಿತ್ತು. ನನಗ ಗೊತ್ತಿರಲಿಲ್ಲೇನು? ಇಂವ ಒಂದ ತಗಡ ಕೊಯ್ಯಾಕ ನನ್ನ ಕೇಳಿದ. ನೀ ಒಂದ ಮಾತ ಕೇಳಿದ್ರ, ನಾನೇ ಮುಂದ ನಿಂತು ಮಾರತಿದ್ನಿ.”

ಸಾಹುಕಾರರು ಅಷ್ಟು ಜನರ ಮುಂದೆ ನೆಲದ ಮೇಲೆ, ಆಕೆಯ ಪಕ್ಕದಲ್ಲಿ ಬಂದು ಕೂತು ಅತ್ತರು.